ವಾರಂಟಿ ಪುಸ್ತಕದ ಹದಿನಾಲ್ಕನೇ ಪುಟ

ರಂಜಾನಿನ ನಾಲ್ಕನೆಯ ದಿನ, ಉಪವಾಸ ಬಿಡಲು ಇನ್ನೂ ಎರಡು ಗಂಟೆ ಇರುವಾಗ, ತೂರಿಯಾಳ ಬೈಕು ಬಾಬ್ ಅಹ್ಮರ್ ಕೋಟೆಬಾಗಿಲ ಹತ್ತಿರ ನಡುರಸ್ತೆಯಲ್ಲಿ ಕೈಕೊಟ್ಟಿತು. ಕೆಮ್ಮಿ, ಗೊಣಗಿ, ಮುನ್ಸೂಚನೆ ಕೊಟ್ಟು ನಿಂತದ್ದಲ್ಲ. ಒಮ್ಮೆ ಕಿರ್ರೆಂದಿತು, ಹಿಂದಿನ ಚಕ್ರ ಗಪ್ಪನೆ ಬಿಗಿದುಕೊಂಡಿತು, ಹಿಂದೆ ಕಟ್ಟಿದ್ದ ಹನ್ನೊಂದು ಜೆಲ್ಲಾಬಾ ನಿಲುವಂಗಿಗಳ ಗಂಟು ಅವಳ ಬೆನ್ನಿಗೆ ಗುದ್ದಿತು. ಹಿಂದೆ ಬರುತ್ತಿದ್ದ ಕತ್ತೆಗಾಡಿಯವನು ಅವಳ ಹುಟ್ಟನ್ನೇ ಎತ್ತಿ ಆಡಿ ಪಕ್ಕಕ್ಕೆ ಸರಿದ. ಖಾಲಿ ಹೊಟ್ಟೆಯಲ್ಲಿ ನಮ್ಮ ಮರಾಕೇಶಿನವರ ನಾಲಿಗೆ ಎಷ್ಟು ಉದ್ದವಾಗುತ್ತದೆಂದು ಎಲ್ಲರಿಗೂ ಗೊತ್ತು. ತೂರಿಯಾಳೂ ಉಪವಾಸವಿದ್ದಳು. ಅವನಿಗೆ ಬಡ್ಡಿ ಸಮೇತ ತಿರುಗಿಸಿ ಕೊಟ್ಟು, ಗೇರು ತಪ್ಪಿಸಿ ಬೈಕನ್ನು ಬದಿಗೆ ಎಳೆದಳು.

ತೂರಿಯಾಳಿಗೆ ನಲವತ್ತೆರಡು ವರ್ಷ. ಮೆಲ್ಲಾಹ್ ಕೇರಿಯ ದರ್ಜಿಗಳು ಹೊಲಿದ ಜೆಲ್ಲಾಬಾ ನಿಲುವಂಗಿಗಳನ್ನು ತಂದು ಸಿದಿ ಯೂಸುಫ್ ಕೇರಿಯ ಹದಿನಾರು ಮನೆಗಳ ಹೆಂಗಸರಿಗೆ ಹಂಚುವುದು ಅವಳ ಕೆಲಸ. ಆ ಹೆಂಗಸರು ಕತ್ತಿನಿಂದ ಮೊಣಕಾಲಿನವರೆಗೆ ರೇಷ್ಮೆ ನೂಲಿನ ಪುಟ್ಟ ಗುಂಡಿಗಳನ್ನು ಕಟ್ಟಿ ಕೂರಿಸಿದ ಮೇಲೆ ಬಟ್ಟೆಯನ್ನು ಮತ್ತೆ ದರ್ಜಿಗೆ ಮುಟ್ಟಿಸಬೇಕು. ಇದಕ್ಕೆ ಎಲ್ಲರೂ ‘ತೂರಿಯಾಳ ಸುತ್ತು’ ಎಂದೇ ಹೆಸರಿಟ್ಟಿದ್ದರು. ಹನ್ನೊಂದು ವರ್ಷ ಈ ಸುತ್ತನ್ನು ಅವಳು ನಡೆದೂ ಬಸ್ಸಿನಲ್ಲಿ ನೇತಾಡಿಯೂ ಮಾಡಿದ್ದಳು. ಏಳು ತಿಂಗಳ ಹಿಂದೆ ತನ್ನ ಹೆಸರಿನಲ್ಲೇ ಬೈಕು ಕೊಂಡ ಮೇಲೆ ಐದು ಮನೆ ಇದ್ದದ್ದು ಹದಿನಾರಾಯಿತು. ಹಬ್ಬಕ್ಕೆ ಹೊಸ ಜೆಲ್ಲಾಬಾ ತೊಡದೆ ಪ್ರಾರ್ಥನೆಗೆ ಹೋಗುವವರು ನಮ್ಮಲ್ಲಿ ಕಡಿಮೆ, ಹಾಗಾಗಿ ರಂಜಾನ್ ತಿಂಗಳೇ ಅವಳಿಗೆ ಸುಗ್ಗಿ. ಆ ಸುಗ್ಗಿಯ ನಾಲ್ಕನೇ ದಿನ ಬೈಕು ಸತ್ತು ಕೂತಿತ್ತು.

ಆದರೂ ಅವಳು ಹೆದರಲಿಲ್ಲ. ಬೈಕಿಗೆ ಒಂದು ವರ್ಷದ ವಾರಂಟಿ ಇತ್ತು. ವಾರಂಟಿ ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬೀರುವಿನ ಸಕ್ಕರೆ ಡಬ್ಬದ ಕೆಳಗೆ ಭದ್ರವಾಗಿತ್ತು. ಹೇಳಿದ ದಿನಕ್ಕೆ ಹೇಳಿದ ಸರ್ವಿಸು, ಎಲ್ಲವನ್ನೂ ಷೋರೂಮಿನಲ್ಲೇ ಮಾಡಿಸಿದ್ದಳು. ಹಾಗಾಗಿ ಮರುದಿನ ಬೆಳಿಗ್ಗೆ ಮೂರು ಚಕ್ರದ ಗಾಡಿಯೊಂದರ ಮೇಲೆ ಬೈಕನ್ನು ಕಟ್ಟಿಸಿಕೊಂಡು, ತನ್ನ ಹಕ್ಕನ್ನು ಕೇಳಲು ಹೊರಟವಳ ಠೀವಿಯಲ್ಲಿ ಗೇಲೀಝ್ ಬಡಾವಣೆಯ ಷೋರೂಮಿಗೆ ಹೋದಳು.

ಷೋರೂಮಿನ ಕನ್ನಡಕದವನು ಎಂಜಿನ್ನಿನ ಕಡೆ ತಲೆಯನ್ನೂ ಬಗ್ಗಿಸಲಿಲ್ಲ. ನಿಂತಲ್ಲಿಂದಲೇ ಪೆನ್ನಿನ ತುದಿಯಲ್ಲಿ ಸೈಲೆನ್ಸರ್ ತೋರಿಸಿದ.

"ಇದು ನಮ್ಮದಲ್ಲ."

"ಅದು ನನ್ನ ಮಗ ಹಾಕ್ಸಿದ್ದು. ಸದ್ದಿನ ಶೋಕಿ. ನಿಮ್ಮದು ಮನೇಲಿದೆ, ತಂದು ಕೊಡ್ತೀನಿ."

"ತಂದು ಏನು ಪ್ರಯೋಜನ ಲಲ್ಲಾ? ಹೊರಗಿನ ಸಾಮಾನು ಬಿದ್ದ ಮೇಲೆ ವಾರಂಟಿ ಮುಗೀತು. ಎಂಜಿನ್ ಸೀಜ್ ಆಗಿದೆ. ರಿಪೇರಿ ಖರ್ಚು ನಿಮ್ಮದು."

ಲಲ್ಲಾ ಎಂದರೆ ನಮ್ಮಲ್ಲಿ ‘ಅಮ್ಮಾ’ ಎಂದಂತೆ, ಆದರೆ ಆ ಮರ್ಯಾದೆ ಅವನ ಮಾತಿನಲ್ಲಷ್ಟೇ ಇತ್ತು. ಅವಳು ವಾದಿಸಿದಳು, ಗದರಿದಳು, ಕೊನೆಗೆ ಸ್ವಲ್ಪ ಬೇಡಿಯೂ ನೋಡಿದಳು. ಅವನು ಮುಂದಿನ ಗಿರಾಕಿಯನ್ನು ಕರೆದ. ಬೈಕನ್ನು ಅಲ್ಲೇ ಹಿತ್ತಲಿನಲ್ಲಿ ನಿಲ್ಲಿಸಿ ಬಸ್ಸು ಹಿಡಿದಾಗ ಅವಳ ಸಿಟ್ಟು ಆ ಕನ್ನಡಕದವನ ಮೇಲಿಂದ ಮೆಲ್ಲಗೆ ಇಳಿದು ಮನೆಯ ಕಡೆ ತಿರುಗಿತ್ತು. ದಾರಿಯಲ್ಲಿ ಮೆಲ್ಲಾಹಿನಲ್ಲಿ ಇಳಿದು ದರ್ಜಿಗಳ ಮೇಸ್ತ್ರಿ ಮಾಲೆಮ್ ಹಸ್ಸೂನನಿಗೆ ವಿಷಯ ತಿಳಿಸಿದಳು. ಆತ ಕೆಟ್ಟವನಲ್ಲ, ಆದರೆ ಹಬ್ಬದ ಮುಂದೆ ದರ್ಜಿಗೆ ದಾಕ್ಷಿಣ್ಯ ಇರುವುದಿಲ್ಲ. ಇಪ್ಪತ್ತನೆಯ ಉಪವಾಸದವರೆಗೆ ಹೇಗೋ ಸುಧಾರಿಸಿಕೊಳ್ಳುತ್ತೇನೆ, ಅಷ್ಟರೊಳಗೆ ಬೈಕು ರಸ್ತೆಗೆ ಬರದಿದ್ದರೆ ಸುತ್ತನ್ನು ಪಕ್ಕದ ಕೇರಿಯ ಫತ್ನಾಳಿಗೆ ಕೊಡುತ್ತೇನೆ, ಅವಳ ಹತ್ತಿರವೂ ಬೈಕಿದೆ ಎಂದ. ಒಮ್ಮೆ ಕೈಬಿಟ್ಟ ಸುತ್ತು ವಾಪಸ್ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಂದು ಸಂಜೆ ಮಸೀದಿಯ ಕೂಗು ಆಗುವವರೆಗೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಗಳು ಇಕ್ರಾಮ್, ಹದಿಮೂರು ವರ್ಷದವಳು, ಮೇಜಿನ ಮೇಲೆ ಖರ್ಜೂರ, ಬೇಯಿಸಿದ ಮೊಟ್ಟೆ, ಜೀರಿಗೆ ಪುಡಿ, ಜೇನಿನಲ್ಲಿ ಅದ್ದಿದ ಶೆಬ್ಬಾಕಿಯಾ ಸಿಹಿ ಜೋಡಿಸಿದಳು. ಅತ್ತೆ ಲಲ್ಲಾ ಬತೂಲ್ ಮಂಡಿನೋವಿನ ಕಾಲನ್ನು ದಿಂಬಿನ ಮೇಲೆ ಚಾಚಿ, ಹರೀರಾ ಸೂಪಿಗೆ ಈ ಸಲ ಕಡಲೆ ಸಾಲದು ಎಂದು ಎರಡು ಸಲ ಹೇಳಿದಳು. ತೂರಿಯಾಳ ಗಂಡ ಲಾರ್ಬಿ ತನ್ನ ನೀಲಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಅವನು ಪೇಟೆಯ ಒಂದು ಬಯಲಿನಲ್ಲಿ ಜನ ನಿಲ್ಲಿಸಿ ಹೋಗುವ ಬೈಕುಗಳನ್ನು ಕಾಯುವವನು. ದಿನವಿಡೀ ಊರವರ ಬೈಕುಗಳಿಗೆ ಗೀರು ಬೀಳದಂತೆ ನೋಡಿಕೊಳ್ಳುತ್ತಾನೆ.

ಕೊನೆಗೆ ಬಂದವನು ಮಗ ಅನ್ವಾರ್. ಇಪ್ಪತ್ತು ವರ್ಷ. ಕೇರಿಯ ಸಾರ್ವಜನಿಕ ರೊಟ್ಟಿ ಒಲೆಯಲ್ಲಿ ಕೆಲಸ. ರೆಪ್ಪೆಯ ಮೇಲೂ ಹಿಟ್ಟು ಅಂಟಿಸಿಕೊಂಡೇ ಬರುವವನು. ಅವನು ಒಂದು ಖರ್ಜೂರ ಬಾಯಿಗೆ ಹಾಕಿ, ಹರೀರಾದ ಮೊದಲ ಚಮಚ ಎತ್ತುವುದರೊಳಗೆ ಅಪ್ಪ ಶುರುಮಾಡಿದ.

"ಕೇಳಿದ್ಯಾ? ನಿನ್ನ ಸೈಲೆನ್ಸರು ನಿಮ್ಮಮ್ಮನ ಹೊಟ್ಟೆ ಮೇಲೆ ಹೊಡೀತು."

"ಸೈಲೆನ್ಸರಿಂದ ಎಂಜಿನ್ ಸೀಜ್ ಆಗಲ್ಲ ಅಪ್ಪ. ಸದ್ದು ಜಾಸ್ತಿ ಆಗತ್ತೆ, ಅಷ್ಟೇ."

"ಷೋರೂಮಿನವನಿಗಿಂತ ನೀನು ಜಾಣ."

"ಬೈಕು ಒಂದು ತಿಂಗಳಿಂದ ಎಳೀತಾನೇ ಇರಲಿಲ್ಲ. ಅಮ್ಮನಿಗೆ ಹೇಳಿದ್ದೆ, ಷೋರೂಮಿಗೆ ಹಾಕಿ ತೋರಿಸು ಅಂತ. ಅಮ್ಮ, ಹೇಳಿದ್ದೆ ತಾನೆ?"

ಹೇಳಿದ್ದ. ತೂರಿಯಾಳಿಗೂ ಬೈಕು ಮೊದಲಿನಂತೆ ಓಡುತ್ತಿಲ್ಲ ಎಂದು ಅನಿಸಿತ್ತು. ಹಬ್ಬದ ಗಂಟುಗಳ ಭಾರ ಇರಬೇಕು ಎಂದುಕೊಂಡು, ಹಿಡಿಯನ್ನು ಪೂರ್ತಿ ತಿರುವಿಯೇ ಓಡಿಸಿದ್ದಳು. ಆದರೆ ಆ ಹೊತ್ತಿಗೆ ಅದನ್ನು ಒಪ್ಪಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಎರಡು ತಿಂಗಳ ಹಿಂದೆ ಅವನು ಆ ಹಾಳು ಸೈಲೆನ್ಸರ್ ಹಾಕಿಸಿಕೊಂಡು ಬಂದಾಗ ಬೈದು ಸುಮ್ಮನಾಗಿದ್ದಳು, ಅದು ಅವಳ ತಪ್ಪೇ. ಆ ತಪ್ಪೂ ಸೇರಿ ಈಗ ಅವನ ಮೇಲೆ ಬಿತ್ತು.

"ಮಾಡೋದು ಮಾಡಿ ಈಗ ಸಾಕ್ಷಿ ಬೇರೆ ಕೇಳ್ತಾನೆ," ಎಂದಳು ಅಜ್ಜಿ. "ನಮ್ಮ ಕಾಲದಲ್ಲಿ ಹಿರಿಯರು ಬಾಯಿ ಬಿಟ್ರೆ ಹುಡುಗರು ಬಾಯಿ ಮುಚ್ತಿದ್ರು."

ಲಾರ್ಬಿ ಅಂದು ಬೈದಷ್ಟು ಮಗನನ್ನು ಹಿಂದೆಂದೂ ಬೈದಿರಲಿಲ್ಲ. ಸಾಮಾನ್ಯವಾಗಿ ಮೂರು ಮಾತಿಗೆ ಸುಸ್ತಾಗುವ ಮನುಷ್ಯ. ಅಂದು ಹುಡುಗನ ಕೆಲಸ, ಗೆಳೆಯರು, ತಲೆಕೂದಲು, ನಿದ್ದೆ, ಯಾವುದನ್ನೂ ಬಿಡಲಿಲ್ಲ. ಅನ್ವಾರ್ ಚಮಚ ಕೆಳಗಿಟ್ಟು, ನಾನು ಕೆಡಿಸಿಲ್ಲ ಎಂದು ಒಂದೇ ಮಾತನ್ನು ಹೇಳುತ್ತ ಹೋದ. ಅವನು ಮೂರನೆಯ ಸಲ ಹೇಳಿದಾಗ ತೂರಿಯಾಳ ತಲೆಯೊಳಗೆ ಇಪ್ಪತ್ತನೆಯ ಉಪವಾಸ, ಫತ್ನಾಳ ಬೈಕು, ಕನ್ನಡಕದವನ ಪೆನ್ನು ಎಲ್ಲವೂ ಒಟ್ಟಿಗೆ ಎದ್ದವು.

"ಇನ್ನೊಂದು ಸಲ ಹಾಗಂದ್ರೆ ಈ ಮನೇಲಿ ಇರಬೇಡ," ಎಂದಳು.

ಅನ್ವಾರ್ ಅಪ್ಪನ ಕಡೆ ನೋಡಲಿಲ್ಲ, ಅಮ್ಮನನ್ನೇ ನೋಡಿದ.

"ನಾನು ಕೆಡಿಸಿಲ್ಲ," ಎಂದು ಹೇಳಿ ಎದ್ದು ಹೋದ. ಹರೀರಾ ಬಟ್ಟಲಲ್ಲಿ ಹಾಗೇ ಇತ್ತು. ಒಲೆಮನೆಯ ಹಿಂದೆ ಸೌದೆ ಒಟ್ಟುವ ಕೋಣೆಯಲ್ಲಿ ಮಲಗಿದ್ದಾನೆ ಎಂದು ಮರುದಿನ ಇಕ್ರಾಮ್ ತಿಳಿದುಕೊಂಡು ಬಂದಳು.

ಮುಂದಿನ ಹನ್ನೆರಡು ದಿನ ತೂರಿಯಾ ಪಟ್ಟ ಪಾಡು ಹೇಳಿ ಸುಖವಿಲ್ಲ. ಬೆಳಿಗ್ಗೆ ಎದ್ದು ಹಿಟ್ಟು ನಾದಿ, ರೊಟ್ಟಿ ತಟ್ಟಿ ಹಲಗೆಯ ಮೇಲಿಟ್ಟು, ಬೇಯಿಸಿಕೊಂಡು ಬರಲು ಇಕ್ರಾಮಳ ಕೈಯಲ್ಲಿ ಕಳಿಸುವಳು. ತಾನೇ ಹೋಗಲು ಅವಳಿಗೆ ಸೊಕ್ಕು. ಆಮೇಲೆ ಬಸ್ಸು ಹಿಡಿದು ಮೆಲ್ಲಾಹಿಗೆ ಹೋಗಿ, ಬೆನ್ನಿಗೊಂದು ತಲೆಗೊಂದು ಗಂಟು ಹೊತ್ತು ಹದಿನಾರು ಮನೆ ತಿರುಗಬೇಕು. ಹದಿನಾರು ಆಗುತ್ತಿರಲಿಲ್ಲ, ಒಂಬತ್ತಕ್ಕೇ ಹೊತ್ತು ಮುಳುಗುತ್ತಿತ್ತು. ಉಳಿದ ಏಳು ಮನೆಯ ಹೆಂಗಸರು ಖಾಲಿ ಕೈಯಲ್ಲಿ ಕೂತು ಅವಳನ್ನು ಶಪಿಸುವರು. ಬಾಯಿ ಒಣಗಿ, ಕಾಲು ಊದಿ ಮನೆಗೆ ಬಂದರೆ ಅತ್ತೆಯ ಬಾಯಿ ಮಾತ್ರ ಹಸಿಯಾಗಿಯೇ ಇರುತ್ತಿತ್ತು.

"ಬಿದ್ದದ್ದು ಒಳ್ಳೇದೇ ಆಯ್ತು. ಗುಂಡಿ ಕಟ್ಟೋಕೆ ನಿನಗೇನು ಬರಲ್ವಾ? ಮನೇಲಿ ಕೂತು ಕಟ್ಟು. ಆ ಊರು ಸುತ್ತೋ ಕೆಲಸ ಫತ್ನಾ ಮಾಡ್ಲಿ, ಅವಳಿಗೆ ಗಂಡ ಇಲ್ಲ."

"ನನಗೆ ಗಂಡ ಇದ್ದಾನೆ, ಅದಕ್ಕೇ ಸುತ್ತಬೇಕು ಲಲ್ಲಾ."

ವಿಚಿತ್ರವೆಂದರೆ ಲಾರ್ಬಿ ಈ ಮಾತಿಗೂ ಸಿಟ್ಟಾಗಲಿಲ್ಲ. ಆ ದಿನಗಳಲ್ಲಿ ಅವನು ಬೆಣ್ಣೆಯಾಗಿದ್ದ. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಎಂದೂ ಪಾತ್ರೆ ಮುಟ್ಟದವನು ಹರೀರಾದ ಹಂಡೆ ಉಜ್ಜಿದ. ನೆನೆದ ಕಡಲೆಯ ಸಿಪ್ಪೆ ತೆಗೆದು ಕೊಟ್ಟ. ಹೆಂಡತಿಯ ಕಾಲಿಗೆ ಬಿಸಿನೀರು ಕಾಯಿಸಿ ತಂದ. ಬೈಕಿನ ಆಸೆ ಬಿಟ್ಟುಬಿಡು, ಅಮ್ಮ ಹೇಳುವುದರಲ್ಲೂ ಅರ್ಥವಿದೆ ಎಂದು ಮೆತ್ತಗೆ ಹೇಳಿದ. ಕಷ್ಟದಲ್ಲಿ ಗಂಡನಿಗೆ ಬುದ್ಧಿ ಬಂತು ಎಂದು ತೂರಿಯಾ ಸ್ವಲ್ಪ ಕರಗಿದ್ದೂ ನಿಜ. ಅದನ್ನು ನೆನೆದಾಗಲೆಲ್ಲ ಮುಂದೆ ಅವಳಿಗೆ ಮೈ ಉರಿಯುತ್ತಿತ್ತು.

ಹದಿನೇಳನೆಯ ಉಪವಾಸದ ದಿನ ಸಕ್ಕರೆ ಡಬ್ಬ ಎತ್ತುವಾಗ ವಾರಂಟಿ ಪುಸ್ತಕ ಕೈಗೆ ಬಂತು. ಎತ್ತಿ ಒಲೆಗೆ ಹಾಕಬೇಕೆಂದುಕೊಂಡವಳು ಏನನ್ನಿಸಿತೋ, ಇಕ್ರಾಮಳನ್ನು ಕರೆದು ಕೂರಿಸಿದಳು. ಪುಸ್ತಕ ಫ್ರೆಂಚಿನಲ್ಲಿತ್ತು. ತೂರಿಯಾ ಶಾಲೆಗೆ ಹೋದವಳಲ್ಲ.

"ಓದು. ಮೊದಲಿಂದ."

ಇಕ್ರಾಮ್ ಬೇಸರಪಟ್ಟುಕೊಂಡು ಟಯರಿನ ಗಾಳಿ, ಎಣ್ಣೆ ಬದಲಿಸುವ ಅವಧಿ ಎಲ್ಲವನ್ನೂ ಓದಿ ಅರ್ಥ ಹೇಳಿದಳು. ಹದಿನಾಲ್ಕನೇ ಪುಟಕ್ಕೆ ಬಂದಾಗ ತೂರಿಯಾ ಅವಳ ಕೈ ಹಿಡಿದಳು.

"ಅದನ್ನ ಇನ್ನೊಂದು ಸಲ ಹೇಳು."

"ಹೊರಗಿನ ಬಿಡಿಭಾಗ ಹಾಕಿದ್ರೆ, ಅದರಿಂದ ಏನು ಹಾನಿ ಆಗತ್ತೋ ಅದಕ್ಕೆ ಕಂಪನಿ ಜವಾಬ್ದಾರಿ ಅಲ್ಲ."

"ಅದರಿಂದ ಆಗದೇ ಇರೋ ಹಾನಿಗೆ?"

ಇಕ್ರಾಮ್ ಪುಟವನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದಳು. "ಅದರ ಬಗ್ಗೆ ಏನೂ ಇಲ್ಲ ಅಮ್ಮ. ಅದಕ್ಕೆ ವಾರಂಟಿ ಇದ್ದೇ ಇರತ್ತೆ ಅಂತ ತಾನೆ?"

ಮರುದಿನ ತೂರಿಯಾ ಸುತ್ತು ಹೊರಡಲಿಲ್ಲ. ಹದಿನಾಲ್ಕನೇ ಪುಟಕ್ಕೆ ಒಂದು ಸೂಜಿ ಚುಚ್ಚಿ ಗುರುತು ಮಾಡಿಕೊಂಡು ಷೋರೂಮಿಗೆ ಹೋಗಿ ಕನ್ನಡಕದವನ ಮುಂದೆ ಪುಸ್ತಕ ಬಿಚ್ಚಿಟ್ಟಳು. ಎಂಜಿನ್ ಕೆಟ್ಟದ್ದು ಸೈಲೆನ್ಸರಿನಿಂದಲೇ ಎಂದು ಬಿಚ್ಚಿ ನೋಡಿ, ಬರೆದು, ಮೊಹರು ಹಾಕಿ ಕೊಡಿ, ಆಗ ಎದ್ದು ಹೋಗುತ್ತೇನೆ ಎಂದಳು. ಅವನು ನಕ್ಕ. ಅವಳು ಹೊಸ ಬೈಕುಗಳ ನಡುವೆ ಒಂದು ಕುರ್ಚಿ ಎಳೆದು ಕೂತಳು. ಅಂದು ಬಾಗಿಲು ಹಾಕುವವರೆಗೆ ಕೂತಳು, ಮರುದಿನ ಬಾಗಿಲು ತೆಗೆಯುವ ಮುಂಚೆ ಬಂದು ಮತ್ತೆ ಕೂತಳು. ಬಂದ ಗಿರಾಕಿಗಳಿಗೆಲ್ಲ ತಾನಾಗಿಯೇ ತನ್ನ ಕಥೆ ಹೇಳತೊಡಗಿದಳು. ಮದುವೆಗೆ ಬೈಕು ಕೊಳ್ಳಲು ಬಂದ ಒಂದು ಕುಟುಂಬ ಕಥೆ ಕೇಳಿ ಎದುರಿನ ಅಂಗಡಿಗೆ ಹೋದ ಮೇಲೆ ಕನ್ನಡಕದವನು ಹಿತ್ತಲಿಗೆ ಹೋಗಿ ವರ್ಕ್‌ಷಾಪಿನ ಮುಖ್ಯಸ್ಥನನ್ನು ಕರೆದ.

ಅವನು ಮಿಲೂದ್, ಎಲ್ಲರ ಬಾಯಲ್ಲೂ ಗೌರವದ ‘ಸಿ ಮಿಲೂದ್’, ಮೊಣಕೈವರೆಗೆ ಗ್ರೀಸು ಬಳಿದುಕೊಂಡ ಅರವತ್ತರ ಮನುಷ್ಯ. ನಾಳೆ ಬೆಳಿಗ್ಗೆ ನಿಮ್ಮೆದುರೇ ಬಿಚ್ಚುತ್ತೇನೆ ಎಂದ. ನಾಳೆ ಎಂದರೆ ಇಪ್ಪತ್ತನೆಯ ದಿನ. ಸಿಲಿಂಡರ್ ತೆಗೆದಾಗ ಪಿಸ್ಟನ್ ಕಾದು ಗೀಚಿಹೋಗಿತ್ತು. ಅವನು ಅಷ್ಟಕ್ಕೆ ನಿಲ್ಲದೆ ಕಾರ್ಬುರೇಟರನ್ನೂ ಬಿಚ್ಚಿ, ಅದರೊಳಗಿಂದ ಒಂದು ಪುಟ್ಟ ಹಿತ್ತಾಳೆ ತಿರುಪನ್ನು ತೆಗೆದು ಬೆಳಕಿಗೆ ಹಿಡಿದ. ಡ್ರಾಯರಿನಿಂದ ಅಂಥದೇ ಇನ್ನೊಂದನ್ನು ತೆಗೆದು ಅವಳ ಅಂಗೈಯಲ್ಲಿ ಎರಡನ್ನೂ ಇಟ್ಟ.

"ಇದಕ್ಕೆ ಜೆಟ್ ಅಂತಾರೆ. ಪೆಟ್ರೋಲ್ ಹೋಗೋ ಕಂಡಿ. ಇದು ನಮ್ಮದು, ಇದು ನಿಮ್ಮ ಬೈಕಿಂದು. ನಿಮ್ಮದ್ರಲ್ಲಿ ಕೂದಲೂ ತೂರಲ್ಲ. ಪೆಟ್ರೋಲ್ ಸಾಲದೆ ಎಂಜಿನ್ ಕಾದಿದೆ, ನೀವು ಭಾರ ಹಾಕ್ಕೊಂಡು ಪೂರ್ತಿ ತಿರುವಿದೀರಿ, ಹಿಡ್ಕೊಂಡಿದೆ. ಸೈಲೆನ್ಸರಿಂದ ಹೀಗಾಗಲ್ಲ, ಹಾಗಂತ ಬರೆದು ಕೊಡ್ತೀನಿ. ಆದ್ರೆ ಇದನ್ನ ಯಾರೋ ಬಿಚ್ಚಿ ಬದಲಾಯ್ಸಿದಾರೆ ಅಂತಾನೂ ಬರೀಬೇಕಾಗತ್ತೆ."

"ಹಾಗಾದ್ರೆ ವಾರಂಟಿ?"

"ಹೋಯ್ತು ಲಲ್ಲಾ. ಈ ಸಲ ನ್ಯಾಯವಾಗಿಯೇ ಹೋಯ್ತು."

ತೂರಿಯಾಳ ಮೊದಲ ಯೋಚನೆ ಮಗನ ಕಡೆಗೇ ಓಡಿತು. ಸೈಲೆನ್ಸರ್ ಬದಲಿಸಿದವನು ಇದನ್ನೂ ಬದಲಿಸಿರಬೇಕು ಎಂದಳು. ಸಿ ಮಿಲೂದ್ ತಲೆಯಾಡಿಸಿದ.

"ಈ ಚಿಕ್ಕ ಜೆಟ್ ಹಾಕಿದ್ರೆ ಬೈಕು ನಿಧಾನ ಆಗತ್ತೆ. ಮೂವತ್ತೆಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಓಡೋ ಬೈಕನ್ನ ಇನ್ನೂ ಓಡ್ಸು ಅಂತ ಬಂದ ಹುಡುಗರನ್ನ ಸಾವಿರ ನೋಡಿದೀನಿ. ನಿಧಾನ ಮಾಡ್ಕೊಡು ಅಂತ ಬಂದ ಒಬ್ಬ ಹುಡುಗನನ್ನೂ ನೋಡಿಲ್ಲ."

ಮೊಹರು ಹಾಕಿದ ಕಾಗದ ಹಿಡಿದು ಅವಳು ನೇರವಾಗಿ ತನ್ನ ಕೇರಿಯ ಮೆಕ್ಯಾನಿಕ್ ಬೂಜಮಾನ ಅಂಗಡಿಗೆ ಬಂದಳು. ಕೇರಿಯಲ್ಲಿ ಬೈಕಿಗೆ ಕೈ ಹಾಕುವವನು ಅವನೊಬ್ಬನೇ. ಎಲ್ಲ ಗೊತ್ತಿದ್ದವಳ ಹಾಗೆ, ಆ ಜೆಟ್ ಹಾಕಿದ್ದು ಯಾವತ್ತು ಎಂದು ಕೇಳಿದಳು. ಬೂಜಮಾ ಮುಚ್ಚಿಡಲಿಲ್ಲ, ಮುಚ್ಚಿಡಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ. ರಂಜಾನಿಗೆ ಒಂದು ತಿಂಗಳ ಮುಂಚೆ, ನೀವು ಹಮ್ಮಾಮಿಗೆ ಸ್ನಾನಕ್ಕೆ ಹೋಗಿದ್ದ ಗುರುವಾರ, ಸಿ ಲಾರ್ಬಿ ತಳ್ಳಿಕೊಂಡು ಬಂದಿದ್ದರು ಎಂದ. ಕೆಫೆಯ ಗೆಳೆಯರು ಅವರನ್ನು ಬಹಳ ಆಡಿಕೊಳ್ಳುತ್ತಿದ್ದರಂತೆ. ನಿನ್ನ ಹೆಂಡತಿ ನಿನ್ನೆ ನಮ್ಮ ಮುಂದೆಯೇ ಹಾರಿ ಹೋದಳು, ಆ ಗಾಳಿಗೆ ನಮ್ಮ ಟೀ ತಣ್ಣಗಾಯಿತು, ನೀನು ಯಾವಾಗ ಅವಳ ಹಿಂದೆ ಕೂರುತ್ತೀಯ ಎಂದು.

"ಸ್ವಲ್ಪ ತೆವಳೋ ಹಾಗೆ ಮಾಡು ಅಂದ್ರು. ಮಾಡ್ದೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಲಲ್ಲಾ."

ಅಂದು ಸಂಜೆ ಅವಳು ಹರೀರಾ ಮಾಡಿದಳು, ಮೊಟ್ಟೆ ಬೇಯಿಸಿದಳು, ಮೀನು ಕರಿದಳು. ಎಲ್ಲರೂ ಒಂದು ಗುಟುಕು ಕುಡಿದು ಗಂಟಲು ಒದ್ದೆ ಮಾಡಿಕೊಳ್ಳುವವರೆಗೆ ಕಾದಳು. ಆಮೇಲೆ ಕಾಗದವನ್ನು ಇಕ್ರಾಮಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದಳು, ಬೂಜಮಾ ಹೇಳಿದ್ದನ್ನು ತಾನೇ ಸೇರಿಸಿದಳು. ಎಲ್ಲ ಮುಗಿದಾಗ ಲಾರ್ಬಿ ಶೆಬ್ಬಾಕಿಯಾದ ಜೇನು ಅಂಟಿದ ಬೆರಳನ್ನು ಒರೆಸುತ್ತಲೇ ಇದ್ದ.

"ನಿನ್ನ ಜೀವ ಉಳೀಲಿ ಅಂತ ಮಾಡ್ಸಿದ್ದು," ಎಂದ. "ಎಷ್ಟು ಜೋರಾಗಿ ಓಡಿಸ್ತಿದ್ದೆ ಗೊತ್ತಾ? ದಿನಾ ಎಷ್ಟು ಜನ ಸಾಯ್ತಾರೆ ರಸ್ತೇಲಿ."

"ನನ್ನ ಜೀವಕ್ಕಾದ್ರೆ ನನಗೆ ಹೇಳ್ತಿದ್ದೆ. ಕೆಫೆಯವರು ನಗೋದು ನಿಲ್ಲಿಸ್ಲಿ ಅಂತ ಮಾಡ್ಸಿದೀಯ." ಗಂಡನನ್ನು ಅವಳು ನೀನು ಎಂದದ್ದು ಅದೇ ಮೊದಲು.

ಲಲ್ಲಾ ಬತೂಲ್ ಮಗನ ರಕ್ಷಣೆಗೆ ಬಂದಳು. "ಗಂಡಸು ತನ್ನ ಮನೆ ಗಾಡೀನ ನಿಧಾನ ಮಾಡ್ಸಿದ್ರೆ ಅದೇನು ಕೊಲೆಯಾ?"

"ಗಾಡಿ ನನ್ನ ಹೆಸರಲ್ಲಿದೆ ಲಲ್ಲಾ. ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಮುದುಕಿ ಮುಖ ತಿರುಗಿಸಿ ಖರ್ಜೂರದ ಬೀಜ ಉಗುಳಿದಳು. ಅಷ್ಟರಲ್ಲೇ ಗೊತ್ತಾಯಿತು.

"ಇವತ್ತು ಇಪ್ಪತ್ತು," ಎಂದಳು ತೂರಿಯಾ ಗಂಡನ ಕಡೆ ತಿರುಗಿ. "ನನ್ನ ಸುತ್ತು ಮಧ್ಯಾಹ್ನ ಫತ್ನಾಳ ಪಾಲಾಯ್ತು. ಹನ್ನೆರಡು ವರ್ಷದ ಕೆಲಸ. ಅದನ್ನಾದ್ರೂ ನುಂಗ್ಕೋತೀನಿ. ಮಗನ ಮೇಲೆ ಹಾಕಿದ್ಯಲ್ಲ. ಇಲ್ಲೇ ಕೂತು, ಅವನ ತಲೆಕೂದಲಿನವರೆಗೂ ಬೈದ್ಯಲ್ಲ. ಆಗ ನಿನ್ನ ಗಂಟಲಲ್ಲಿ ಹರೀರಾ ಹೇಗೆ ಇಳೀತು?"

ಲಾರ್ಬಿ ಬೈದು ಕೂಗಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅವನು ತಲೆ ತಗ್ಗಿಸಿ ಕೂತ. ಅವಳಿಗೆ ಅವನನ್ನು ಕಂಡು ಅಸಹ್ಯವಾಯಿತು.

ಮರುದಿನ ರೊಟ್ಟಿಯ ಹಲಗೆಯನ್ನು ತಾನೇ ಹೊತ್ತು ಒಲೆಮನೆಗೆ ಹೋದಳು. ಅನ್ವಾರ್ ಉದ್ದನೆಯ ಮರದ ಸಟ್ಟುಗದಲ್ಲಿ ರೊಟ್ಟಿ ಎಳೆಯುತ್ತಿದ್ದ. ಹದಿನಾರು ದಿನದಲ್ಲಿ ಕೆನ್ನೆ ಒಳಸೇರಿತ್ತು. ಅವಳು ಸಿ ಮಿಲೂದನ ಕಾಗದದಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಅವನು ಒಲೆಯ ಕಡೆಯೇ ನೋಡುತ್ತ ಕೇಳಿದ. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನು ಬಂದ ಮೂರನೇ ದಿನ ಅಪ್ಪ ಇಲ್ಲಿಗೆ ಬಂದಿದ್ರು. ಅತ್ತರು. ನಿಮ್ಮಮ್ಮನಿಗೆ ಗೊತ್ತಾದ್ರೆ ಮನೆ ಒಡೀತದೆ, ಹಬ್ಬದವರೆಗೆ ತಡ್ಕೋ ಅಂದ್ರು. ಕೆಫೆಯಲ್ಲೂ ಬೈಕು ಕೆಡಿಸಿದ್ದು ಮಗ ಅಂತ ಹೇಳ್ಕೊಂಡಿದಾರೆ. ರೊಟ್ಟಿ ತರೋ ಹುಡುಗರೂ ನನ್ನನ್ನ ಆಡ್ಕೊಳ್ತಾರೆ."

"ನನಗೆ ಯಾಕೆ ಹೇಳ್ಲಿಲ್ಲ?"

ಅನ್ವಾರ್ ಸಟ್ಟುಗವನ್ನು ಗೋಡೆಗೆ ಒರಗಿಸಿದ. "ನಾನು ಕೆಡಿಸಿಲ್ಲ ಅಂತ ನಾಲ್ಕು ಸಲ ಹೇಳ್ದೆ. ಇನ್ನೇನು ಹೇಳ್ಬೇಕಿತ್ತು ಅಮ್ಮ?"

ಗಂಡನನ್ನು ಸುಡಲು ತಂದಿದ್ದ ಬೆಂಕಿ ಅವಳನ್ನೇ ಸುಟ್ಟಿತು. ತಪ್ಪು ನನ್ನದೂ ಇದೆ, ಮನೆಗೆ ಬಾ ಎಂದಳು. ಅವನು ಬರಲಿಲ್ಲ. ಅಪ್ಪನೇ ಬಂದು ಕರೆಯಲಿ, ಈ ಸಲ ಕದ್ದು ಬರಬಾರದು, ನಾಲ್ಕು ಜನರ ಮುಂದೆ ಹಗಲಿನಲ್ಲಿ ಬಂದು ಕರೆಯಲಿ, ಅಲ್ಲಿಯವರೆಗೆ ಆ ಮೇಜಿಗೆ ನಾನು ಕೂರುವುದಿಲ್ಲ ಎಂದ. ಅದು ಅವನ ಹಟವೋ ಅವಳ ಹಟವೇ ಮಗನಲ್ಲಿ ಬಂದದ್ದೋ, ಅವಳಿಗೆ ಅದು ಸರಿ ಎನಿಸಿತು.

ಅಂದಿನಿಂದ ತೂರಿಯಾ ಗಂಡನಿಗೆ ಬೇರೆ ಬಟ್ಟಲಲ್ಲಿ ಬಡಿಸತೊಡಗಿದಳು. ನಮ್ಮ ಮನೆಗಳಲ್ಲಿ ದೊಡ್ಡ ತಟ್ಟೆ ಒಂದೇ, ಎಲ್ಲರ ಕೈಯೂ ಅದರಲ್ಲೇ. ಬೇರೆ ಬಟ್ಟಲು ಹಾಕುವುದು ಬಾಗಿಲಿಗೆ ಬಂದ ಭಿಕ್ಷುಕನಿಗೆ. ಲಾರ್ಬಿ ಮೂಲೆಯಲ್ಲಿ ತನ್ನ ಬಟ್ಟಲು ಹಿಡಿದು ತಿಂದ. ಲಲ್ಲಾ ಬತೂಲ್ ಎದೆ ಬಡಿದುಕೊಂಡಳು, ಪಕ್ಕದ ಮನೆಯವರಿಗೆ ಕೇಳುವಂತೆ ಸೊಸೆಯನ್ನು ಶಪಿಸಿದಳು, ಒಂದು ದಿನ ತಾನೂ ಮಗನ ಬಟ್ಟಲಲ್ಲೇ ತಿಂದು ತೋರಿಸಿದಳು. ತೂರಿಯಾ ಜಗ್ಗಲಿಲ್ಲ. ಮಗನನ್ನು ನೀನೇ ಕರೆದುಕೊಂಡು ಬಾ, ಷೋರೂಮಿನಲ್ಲಿ ಬಿದ್ದಿರುವ ಬೈಕನ್ನು ಕೆಫೆಯ ಬೀದಿಯಿಂದಲೇ ತಳ್ಳಿಕೊಂಡು ಬಾ, ಆ ದಿನ ತಟ್ಟೆಗೆ ಕೈ ಹಾಕು ಎಂದು ಒಂದೇ ಸಲ ಹೇಳಿದಳು, ಮತ್ತೆ ಹೇಳಲಿಲ್ಲ.

ಹಬ್ಬ ಬಂತು. ಫತ್ನಾ ತೂರಿಯಾಳ ಹದಿನಾರು ಮನೆಗೂ ಹೋಗಿ ಬಂದಳು. ಹಬ್ಬದ ಬಿಸ್ಕತ್ತಿನ ತಟ್ಟೆಗಳನ್ನು ಕೇರಿಯವರೆಲ್ಲ ಒಲೆಮನೆಗೆ ಕಳಿಸಿದರು, ತೂರಿಯಾಳೂ ಕಳಿಸಿದಳು. ಒಂದೂ ಸೀಯದಂತೆ ಬೆಂದು ವಾಪಸ್ ಬಂದವು, ಬೇಯಿಸಿದವನು ಬರಲಿಲ್ಲ. ಹಬ್ಬದ ಬೆಳಿಗ್ಗೆ ಲಾರ್ಬಿ ಹೊಸ ಜೆಲ್ಲಾಬಾ ತೊಟ್ಟು, ಮೂಲೆಯಲ್ಲಿ ಬಟ್ಟಲು ಹಿಡಿದು ಕೂತದ್ದನ್ನು ಕಂಡು, ಹಬ್ಬಕ್ಕೆ ಬಂದ ನೆಂಟರು ಬೇಗ ಎದ್ದು ಹೋದರು.

ಹಬ್ಬ ಕಳೆದ ಮೂರನೆಯ ದಿನ ಲಾರ್ಬಿ ಕೆಲಸದ ನೀಲಿ ಅಂಗಿ ಹಾಕದೆ ಹೊರಟ. ತೂರಿಯಾ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟಳು. ಷೋರೂಮಿನ ಹಿತ್ತಲಿನಿಂದ ಬೈಕು ಇಳಿಸಿಕೊಂಡು ಅವನು ತಳ್ಳಿದ, ಅವಳು ಮುಂದೆ ನಡೆದಳು. ಅರ್ಧ ದಾರಿಗೆ ಅವನ ಉಸಿರು ಮೇಲೆ ಬಂತು. ಮೂರು ಚಕ್ರದ ಗಾಡಿಯವನು ನಿಲ್ಲಿಸಿ, ಹತ್ತಿಸಿಕೊಳ್ಳಲೇ ಎಂದು ಕೇಳಿದ. ಬೇಡ ಎಂದು ಲಾರ್ಬಿಯೇ ಹೇಳಿದ.

ಕೆಫೆಯಲ್ಲಿ ಒಂದು ತಿಂಗಳ ಹಗಲಿನ ಟೀ ಬಾಕಿ ಇದ್ದವರಂತೆ ಗಂಡಸರೆಲ್ಲ ಹೊರಗೆ ಕುರ್ಚಿ ಹಾಕಿ ಕೂತಿದ್ದರು. ಎದುರಿಗೆ ಒಲೆಮನೆ. ಅವರಲ್ಲೊಬ್ಬ ಗ್ಲಾಸು ಎತ್ತಿ ಕೂಗಿದ.

"ಏನು ಸಿ ಲಾರ್ಬಿ, ಮಗ ಕೆಡಿಸಿದ್ದನ್ನ ಈ ವಯಸ್ಸಲ್ಲಿ ನೀನು ತಳ್ಬೇಕಾಯ್ತಾ?"

ಉಳಿದವರು ನಕ್ಕರು. ತೂರಿಯಾ ನಿಂತು ಹಿಂದೆ ತಿರುಗಿದಳು. ಒಲೆಮನೆಯ ಬಾಗಿಲಿಗೆ ಅನ್ವಾರ್ ಬಂದು ನಿಂತಿದ್ದ. ಲಾರ್ಬಿ ಹಿಡಿಯ ಮೇಲೆ ಭಾರ ಹಾಕಿ ನೆಲ ನೋಡಿದ. ಮತ್ತೆ ಸುಳ್ಳು ಹೇಳುತ್ತಾನೆ ಎಂದೇ ಅವಳು ಅಂದುಕೊಂಡಳು. ಹೇಳಿದರೆ ಈ ಬೀದಿಯಿಂದಲೇ ತವರಿಗೆ ಹೋಗುತ್ತೇನೆ ಎಂದೂ ಅಂದುಕೊಂಡಳು.

"ಮಗ ಅಲ್ಲ," ಎಂದ ಲಾರ್ಬಿ. ದನಿ ಕೆಫೆಯವರೆಗೆ ಮುಟ್ಟಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ. "ಮಗ ಅಲ್ಲ. ನಿಮ್ಮ ಮಾತು ಕೇಳಿ ನಾನೇ ಕೆಡಿಸಿದೆ." ಆಮೇಲೆ ಒಲೆಮನೆಯ ಕಡೆ ತಿರುಗಿ, "ಮನೆಗೆ ಬಾ ಅನ್ವಾರ್," ಎಂದ.

ಗ್ಲಾಸು ಎತ್ತಿದ್ದವನು ಅದನ್ನು ಮೇಜಿನ ಮೇಲಿಟ್ಟ. ಅನ್ವಾರ್ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಬೀದಿ ದಾಟಿ ಬಂದ. ಬೆವರಿನಲ್ಲಿ ನೆನೆದು ನಿಂತಿದ್ದ ಅಪ್ಪನನ್ನು ನೋಡಿ ಬೈಕಿನ ಹಿಂದೆ ಕೈ ಕೊಡಲು ಹೋದ.

"ಮುಟ್ಟಬೇಡ," ಎಂದಳು ತೂರಿಯಾ. "ಅವರೇ ತಳ್ಳಲಿ. ನೀನು ನನ್ನ ಜೊತೆ ನಡಿ."